ಓಕ್ ಹಡಗು ಮುಳುಗಿತು, ತೇಗದ ಹಡಗು ಉಳಿಯಿತು

1949ರ ಡಿಸೆಂಬರ್ 2ರಂದು ಬ್ರಿಟಿಷ್ ನೌಕಾಪಡೆ ತನ್ನದೇ ಹಡಗೊಂದನ್ನು ಇಂಗ್ಲಿಷ್ ಚಾನೆಲ್‌ಗೆ ಎಳೆದೊಯ್ದು, ಸಿಡಿಮದ್ದಿಟ್ಟು ಮುಳುಗಿಸಿತು. ಹಡಗಿನ ಹೆಸರು ಇಂಪ್ಲಾಕಬಲ್. ಮೇಲೆ ಬ್ರಿಟನ್, ಫ್ರಾನ್ಸ್ ಎರಡೂ ದೇಶಗಳ ಬಾವುಟ ಹಾರುತ್ತಿತ್ತು. ಅದನ್ನು ಕಟ್ಟಿದ್ದು ಫ್ರೆಂಚರು, 1800ರಲ್ಲಿ ನೀರಿಗಿಳಿಸಿದ್ದೂ ಅವರೇ. 1805ರಲ್ಲಿ ಬ್ರಿಟಿಷರು ಫ್ರೆಂಚ್-ಸ್ಪ್ಯಾನಿಷ್ ನೌಕಾಪಡೆಯನ್ನು ಸೋಲಿಸಿದ ಟ್ರಫಾಲ್ಗರ್ ಕದನದಿಂದ ಅದು ತಪ್ಪಿಸಿಕೊಂಡರೂ, ಕೆಲವೇ ದಿನಗಳಲ್ಲಿ ಬ್ರಿಟಿಷರ ಕೈಗೆ ಸಿಕ್ಕಿತು. ಆಮೇಲೆ ಹುಡುಗರಿಗೆ ನಾವಿಕ ತರಬೇತಿ ಕೊಡುವ ಹಡಗಾಗಿ ಬಹಳ ಕಾಲ ದುಡಿಯಿತು.

ಇಷ್ಟು ಗಟ್ಟಿ ಹಡಗು ಹಾಳಾಗಿದ್ದು ಹೇಗೆ? ಮರ ಕೊಳೆಯಲು ಅಣಬೆಯ ಜಾತಿಯ ಶಿಲೀಂಧ್ರಗಳು ಬೇಕು. ಅವಕ್ಕೆ ತೇವ ಬೇಕು, ಗಾಳಿಯೂ ಬೇಕು. ಸದಾ ನೀರಲ್ಲೇ ಮುಳುಗಿರುವ ಹಲಗೆಗೆ ಗಾಳಿ ಸಿಗದು, ಹಾಗಾಗಿ ಅದು ಬೇಗ ಕೊಳೆಯದು. ಸಮುದ್ರದ ನೀರಿಗಿಂತ ಮಳೆನೀರೇ ಜಾಸ್ತಿ ಅಪಾಯ! ಡೆಕ್ಕಿನ ಸಂದಿಯಿಂದ ಇಳಿದ ಮಳೆನೀರು ಒಳಗಿನ ತೊಲೆಗಳಲ್ಲೇ ನಿಂತುಬಿಡುತ್ತದೆ.

ಇಂಪ್ಲಾಕಬಲ್ ಕಟ್ಟಿದ್ದ ಓಕ್ ಮರಕ್ಕೆ ಇನ್ನೊಂದು ಕಾಟವಿದೆ. ಅದರಲ್ಲಿ ಟ್ಯಾನಿನ್ ತುಂಬಿರುತ್ತದೆ. ಚಹಾಕ್ಕೆ ಒಗರು ಕೊಡುವ ಪದಾರ್ಥಗಳೂ ಇದೇ ಬಳಗದವು. ಒದ್ದೆಯಾದಾಗ ಅದು ಕಬ್ಬಿಣದ ಮೊಳೆ, ಬೋಲ್ಟುಗಳನ್ನು ತಿನ್ನುತ್ತದೆ. ಸುತ್ತಲಿನ ಮರ ಕಪ್ಪಾಗಿ, ಹಿಡಿತ ಸಡಿಲಾಗುತ್ತದೆ.

ಇಂಪ್ಲಾಕಬಲ್ ಪಕ್ಕದಲ್ಲೇ ಪೋರ್ಟ್ಸ್‌ಮತ್ ಬಂದರಿನಲ್ಲಿ ಇನ್ನೊಂದು ಹಳೆಯ ಹಡಗು ನಿಂತಿರುತ್ತಿತ್ತು. ಹೆಸರು ಟ್ರಿಂಕೊಮಲೀ. 1817ರಲ್ಲಿ ಮುಂಬೈಯ ವಾಡಿಯಾ ಕುಟುಂಬದವರು ಮಲಬಾರಿನ ತೇಗದಿಂದ ಕಟ್ಟಿದ್ದು. ತೇಗದ ಎಣ್ಣೆಯಂಶ ನೀರನ್ನು ದೂರವಿಡುತ್ತದೆ, ಅದರಲ್ಲಿರುವ ಕೆಲವು ರಾಸಾಯನಿಕಗಳು ಗೆದ್ದಲು, ಶಿಲೀಂಧ್ರಗಳಿಗೆ ಆಗಿಬರುವುದಿಲ್ಲ. ಕಬ್ಬಿಣವೂ ಅದರಲ್ಲಿ ಓಕ್‌ನಲ್ಲಿದ್ದಷ್ಟು ಬೇಗ ಹಾಳಾಗದು. ನಮ್ಮಲ್ಲಿ ಹಳೇ ಮನೆಗಳ ಬಾಗಿಲಿಗೆ ಸುಮ್ನೆ ತೇಗ ಹಾಕುತ್ತಿರಲಿಲ್ಲ ಅಲ್ವಾ!

ಹಾಗೆಂದು ತಪ್ಪೆಲ್ಲ ಓಕ್ ಮರದ ಮೇಲೆ ಹೊರಿಸುವುದು ನ್ಯಾಯವಲ್ಲ. ಎರಡನೇ ಮಹಾಯುದ್ಧ ಮುಗಿದ ಬ್ರಿಟನ್ನಿನಲ್ಲಿ ಕಾಸೂ ಇರಲಿಲ್ಲ, ಮರವೂ ಇರಲಿಲ್ಲ. ಫ್ರಾನ್ಸಿಗೆ ಕೊಡುತ್ತೇವೆ ಎಂದರೂ ಅವರು ಒಲ್ಲೆ ಎಂದರು. ಕೊನೆಗೆ ಹಡಗಿನ ಕೆತ್ತನೆಯ ಹಿಂಭಾಗ, ಮುಂತುದಿಯ ಬೊಂಬೆಗಳನ್ನಷ್ಟೇ ಬಿಚ್ಚಿ ಗ್ರೀನಿಚ್‌ನ ಸಂಗ್ರಹಾಲಯಕ್ಕೆ ಉಳಿಸಿಕೊಂಡರು. ಒಳಗೆ ಕಬ್ಬಿಣದ ಭಾರ ತುಂಬಿಸಿ ತಳಕ್ಕೆ ಸಿಡಿಮದ್ದಿಟ್ಟರು. ಆದರೂ ಹಡಗು ಕೂಡಲೇ ಮುಳುಗಲಿಲ್ಲ. ಓಕ್ ಮರ ನೀರಿಗಿಂತ ಹಗುರ ತಾನೆ!

ಟ್ರಿಂಕೊಮಲೀ ಈಗ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿದೆ. ತೇಗದ್ದಾದರೂ ಅದಕ್ಕೆ ವರ್ಷಗಟ್ಟಲೆ ರಿಪೇರಿ ಬೇಕಾಯಿತು.