ಒಡೆದ ಪೈಪೇ ಹೊಸ ಪೈಪಿಗೆ ಅಚ್ಚು

ರಸ್ತೆ ಬದಿ ನಿಂತ ಆ ಲಾರಿಯ ತುಂಬ ಮಂಜುಗಡ್ಡೆ. ಅದರ ನಡುವೆ ಪದರ ಪದರವಾಗಿ ಮಡಚಿಟ್ಟ ಒಂದು ಉದ್ದನೆಯ ಬಟ್ಟೆಯ ಕೊಳವೆ. ಮುಟ್ಟಿದರೆ ಮೆತ್ತಗೆ, ಎತ್ತಲು ಹೋದರೆ ಹೆಣಭಾರ. ಇವತ್ತು ಕೆಲಸ ಮುಗಿಯುವ ಹೊತ್ತಿಗೆ ಅದು ನೆಲದಡಿ ಗಟ್ಟಿ ಪೈಪಾಗಿರಬೇಕು. ದಾರಿಯಲ್ಲೇ ಬಿಸಿಯೇರಿ ಗಟ್ಟಿಯಾಗಿಬಿಟ್ಟರೆ ಅಷ್ಟೂ ಸರಕು ಕಸಕ್ಕೆ. ಮಂಜುಗಡ್ಡೆ ಇರುವುದು ಅದಕ್ಕೇ.

ಹಳೆಯ ಒಳಚರಂಡಿ ಪೈಪನ್ನು ರಸ್ತೆ ಅಗೆಯದೆ ಒಳಗಿನಿಂದಲೇ ಹೊಸದು ಮಾಡುವ ವಿಧಾನ ಇದು. ಹೆಸರು 'ಕ್ಯೂರ್ಡ್ ಇನ್ ಪ್ಲೇಸ್ ಪೈಪ್', ಅಂದರೆ ಇದ್ದ ಜಾಗದಲ್ಲೇ ಗಟ್ಟಿಯಾಗುವ ಪೈಪು. ಚಿಕ್ಕದಾಗಿ ಸಿಐಪಿಪಿ, ಇಲ್ಲವೇ ಸುಮ್ನೆ ಲೈನಿಂಗ್. ಲೈನಿಂಗ್ ಅಂದ ತಕ್ಷಣ ಗೋಡೆಗೆ ಬಣ್ಣ ಬಳಿದ ಹಾಗೆ ಅನ್ನಿಸುತ್ತದೆ, ಅಲ್ವಾ? ಹಾಗಲ್ಲ. ಹಳೇ ಪೈಪಿನೊಳಗೆ ಎರಕ ಹೊಯ್ದಂತೆ ಇನ್ನೊಂದು ಪೈಪು ತಯಾರಾಗುತ್ತದೆ. ಹಳೆಯದು ಅದಕ್ಕೆ ಅಚ್ಚು.

ಅಚ್ಚಾಗುವ ಮೊದಲು ಆ ಪೈಪು ಹಾಳಾಗುವ ರೀತಿಯೇ ವಿಚಿತ್ರ. ಕೊಳಚೆ ಹರಿಯುವುದು ತಳದಲ್ಲಿ. ಆದರೆ ಕಾಂಕ್ರೀಟ್ ಪೈಪು ಹೆಚ್ಚಾಗಿ ಸವೆಯುವುದು ನೆತ್ತಿಯಲ್ಲಿ, ಕೊಳಚೆ ಮುಟ್ಟದ ಜಾಗದಲ್ಲಿ! ತಳದ ಲೋಳೆಯಲ್ಲಿ ಗಾಳಿ ಇಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ನೀರಿನಲ್ಲಿರುವ ಸಲ್ಫೇಟಿನಿಂದ ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಬರುವ ಅನಿಲ ಅದೇ. ಅದು ಮೇಲೇರಿ ನೆತ್ತಿಯ ತೇವದಲ್ಲಿ ಕರಗುತ್ತದೆ. ಅಲ್ಲಿ ಗಾಳಿ ಇದೆ, ಬೇರೆಯೇ ಜಾತಿಯ ಬ್ಯಾಕ್ಟೀರಿಯಾಗಳಿವೆ. ಅವು ಆ ಅನಿಲವನ್ನು ತಿಂದು ಗಂಧಕಾಮ್ಲ ಬಿಡುತ್ತವೆ. ಆಮ್ಲ ತಗುಲಿದ ಕಾಂಕ್ರೀಟು ಬೆರಳಲ್ಲಿ ಕೆರೆದರೆ ಉದುರುವ ಜಿಪ್ಸಂ ಹಿಟ್ಟಾಗುತ್ತದೆ. ಇದರ ಹಿಂದೆ ಬ್ಯಾಕ್ಟೀರಿಯಾಗಳ ಕೈವಾಡ ಇದೆ ಎಂದು ಮೆಲ್ಬರ್ನ್‌ನಲ್ಲಿ ಸಿ.ಡಿ. ಪಾರ್ಕರ್ ತೋರಿಸಿಕೊಟ್ಟದ್ದು 1945ರಲ್ಲಿ.

ಜೇಡಿಮಣ್ಣಿನ ಸುಟ್ಟ ಪೈಪಿಗೆ ಈ ಆಮ್ಲದ ಭಯವಿಲ್ಲ. ಅದರ ಶತ್ರು ಬೇರು. ಕೂದಲೆಳೆಯಷ್ಟು ಸಂದು ಸಿಕ್ಕರೆ ಸಾಕು, ನೀರು ಗೊಬ್ಬರ ಎರಡೂ ಇರುವ ಜಾಗಕ್ಕೆ ಬೇರು ನುಗ್ಗುತ್ತದೆ. ಒಳಗೆ ಹೋದ ಮೇಲೆ ದಪ್ಪವಾಗಿ ಸಂದನ್ನೇ ಸೀಳುತ್ತದೆ. ಆ ಸೀಳಿನಿಂದ ಅಂತರ್ಜಲ ಒಳಬರುವಾಗ ಮಣ್ಣನ್ನೂ ಎಳೆದು ತರುತ್ತದೆ. ಪೈಪಿನ ಸುತ್ತ ಸದ್ದಿಲ್ಲದೆ ಪೊಳ್ಳು ಬೆಳೆಯುತ್ತದೆ. ಒಂದು ದಿನ ಮೇಲಿನ ರಸ್ತೆ ಕುಸಿಯುತ್ತದೆ.

ಅಗೆಯದೆ ಸರಿ ಮಾಡುವ ಉಪಾಯ ಹೊಳೆದದ್ದು ಎರಿಕ್ ವುಡ್ ಎಂಬ ಇಂಗ್ಲಿಷ್ ಎಂಜಿನಿಯರ್‌ಗೆ. 1971ರಲ್ಲಿ ಲಂಡನ್ನಿನ ಹ್ಯಾಕ್ನಿಯಲ್ಲಿ, ನೂರು ವರ್ಷ ಹಳೆಯ ಇಟ್ಟಿಗೆಯ ಒಳಚರಂಡಿಯ ಸುಮಾರು 70 ಮೀಟರ್ ಉದ್ದಕ್ಕೆ ಮೊದಲ ಲೈನರ್, ಅಂದರೆ ಒಳಗೆ ಕೂರುವ ಇಂಥ ಕೊಳವೆ, ಬಿತ್ತು. ಇಪ್ಪತ್ತು ವರ್ಷದ ನಂತರ ಅದರ ತುಂಡು ತೆಗೆದು ಪರೀಕ್ಷಿಸಿದಾಗಲೂ ಅದು ಗಟ್ಟಿಯಾಗಿಯೇ ಇತ್ತು. ಇವತ್ತು ಇಂಥ ಲೈನರನ್ನು ಸಾಮಾನ್ಯವಾಗಿ 50 ವರ್ಷದ ಬಾಳಿಕೆ ಲೆಕ್ಕ ಹಾಕಿ ವಿನ್ಯಾಸ ಮಾಡುತ್ತಾರೆ.

ಲಾರಿಯಲ್ಲಿರುವ ಬಟ್ಟೆ ಪಾಲಿಯೆಸ್ಟರ್ ಫೆಲ್ಟ್. ಕಂಬಳಿಯಂತೆ ನಾರು ಒತ್ತಿ ಮಾಡಿದ್ದು. ಒಂದು ಮಗ್ಗುಲಿಗೆ ನೀರು ದಾಟದ ಪ್ಲಾಸ್ಟಿಕ್ ಲೇಪ. ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ನಾರಿನ ಸಂದುಸಂದಿಗೂ ದ್ರವ ರಾಳ ಕುಡಿಸಿ, ರೋಲರುಗಳ ನಡುವೆ ಹಾಯಿಸಿರುತ್ತಾರೆ. ಎಲ್ಲಾದರೂ ಒಣ ಜಾಗ ಉಳಿದರೆ ನಾಳೆಯ ತೂತು ಅದೇ. ಇತ್ತ ನೆಲದಡಿ ಕ್ಯಾಮೆರಾ ಬಿಟ್ಟು ನೋಡಿ, ಬೇರು ಕತ್ತರಿಸಿ, ಜೋರು ನೀರಿನಿಂದ ತೊಳೆದು, ಹರಿಯುವ ಕೊಳಚೆಯನ್ನು ಪಂಪಿನಿಂದ ಬೇರೆ ದಾರಿಗೆ ತಿರುಗಿಸಿರುತ್ತಾರೆ.

ಇನ್ನು ಬಟ್ಟೆಯನ್ನು ಒಳಗೆ ಸೇರಿಸಬೇಕು. ಈ ಇಡೀ ವಿಧಾನದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಅಂಗಿಯ ತೋಳನ್ನು ತಿರುವಿ ಒಳಮಗ್ಗುಲು ಹೊರಗೆ ಮಾಡುತ್ತೇವಲ್ಲ, ಅದೇ ಕೆಲಸ. ಮ್ಯಾನ್‌ಹೋಲಿನ ಮೇಲೆ ಎತ್ತರದ ಅಟ್ಟಣಿಗೆ ಕಟ್ಟುತ್ತಾರೆ. ಕೊಳವೆಯ ತುದಿಯನ್ನು ಅಲ್ಲಿ ಹೊರಗೆ ಮಡಚಿ ಬಿಗಿಯುತ್ತಾರೆ. ಆ ಮಡಿಕೆಯೊಳಕ್ಕೆ ನೀರು ಬಿಡುತ್ತಾರೆ. ನೀರಿನ ಭಾರಕ್ಕೆ ಬಟ್ಟೆ ತನ್ನೊಳಗೇ ತಿರುಗಿಕೊಳ್ಳುತ್ತಾ ಪೈಪಿನಲ್ಲಿ ಮುಂದೆ ಮುಂದೆ ಹೋಗುತ್ತದೆ. ಒಳಗಿದ್ದ ಅಂಟು ಮಗ್ಗುಲು ಹೊರಬಂದು ಹಳೇ ಗೋಡೆಗೆ ಒತ್ತಿಕೊಳ್ಳುತ್ತದೆ, ನುಣುಪಿನ ಲೇಪ ಒಳಗೆ ಬರುತ್ತದೆ. ಗೋಡೆಗೆ ಉಜ್ಜುತ್ತಾ ಸಾಗುವ ಮಾತೇ ಇಲ್ಲ. ಚಾಪೆ ಬಿಡಿಸಿದ ಹಾಗೆ ಹಾಸಿಕೊಂಡು ಹೋಗುತ್ತದೆ. ಕೆಲವೊಮ್ಮೆ ನೀರಿನ ಬದಲು ಗಾಳಿಯ ಒತ್ತಡ ಬಳಸುತ್ತಾರೆ.

ತುದಿ ಮುಟ್ಟಿದ ಮೇಲೆ ಒಳಗಿನ ನೀರನ್ನು ಬಾಯ್ಲರಿನಲ್ಲಿ ಸುತ್ತಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ, ಇಲ್ಲವೇ ಉಗಿ ಹಾಯಿಸುತ್ತಾರೆ. ರಾಳದಲ್ಲಿ ಸರಪಳಿಯಂಥ ಉದ್ದುದ್ದ ಅಣುಗಳಿರುತ್ತವೆ. ನಡುವೆ ಸ್ಟೈರೀನ್ ಎಂಬ ಚಿಕ್ಕ ಅಣುಗಳು. ಮೊದಲೇ ಕಲಸಿಟ್ಟ ಪೆರಾಕ್ಸೈಡ್ ಬಿಸಿಗೆ ಒಡೆದು ಕಿಡಿ ಹೊತ್ತಿಸುತ್ತದೆ. ಆಗ ಸ್ಟೈರೀನ್ ಪಕ್ಕಪಕ್ಕದ ಸರಪಳಿಗಳನ್ನು ಒಂದಕ್ಕೊಂದು ಹೊಲಿಯುತ್ತಾ ಹೋಗುತ್ತದೆ. ಮೇಣ ಬಿಸಿಗೆ ಕರಗುತ್ತದೆ. ಇದು ಬಿಸಿಗೇ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಕಾಯಿಸಿದರೂ ಕರಗುವುದಿಲ್ಲ. ಹೊಲಿಗೆ ನಡೆಯುವಾಗ ರಾಳ ತಾನೂ ಶಾಖ ಬಿಡುತ್ತದೆ, ಆ ಶಾಖಕ್ಕೆ ಹೊಲಿಗೆ ಇನ್ನೂ ಚುರುಕಾಗುತ್ತದೆ. ಲಾರಿಯಲ್ಲಿ ಒಮ್ಮೆ ಶುರುವಾದರೆ ನಿಲ್ಲಿಸುವುದು ಕಷ್ಟ ಅನ್ನುವುದು ಇದಕ್ಕೇ.

ಅಂತರ್ಜಲದ ತಂಪು ಒಂದೇ ಕಡೆ ಜಾಸ್ತಿ ತಾಗಿದರೆ ಆ ಜಾಗ ಬೇಯದೆ ಮೆತ್ತಗೆ ಉಳಿಯಬಹುದು. ಹಾಗಾಗಿ ಲೈನರಿಗೂ ಹಳೇ ಗೋಡೆಗೂ ನಡುವೆ ಶಾಖ ಅಳೆಯುವ ತಂತಿಗಳನ್ನು ಇಟ್ಟು ಕಾಯುತ್ತಾರೆ. ಬೆಳಕಿನಿಂದ ಗಟ್ಟಿಯಾಗುವ ರಾಳವೂ ಬಂದಿದೆ. ಅದಕ್ಕೆ ಗಾಜಿನ ನಾರಿನ ಬಟ್ಟೆ. ಒಳಗೆ ಎಳೆದು, ಗಾಳಿ ತುಂಬಿ, ನೇರಳಾತೀತ ದೀಪಗಳ ಪುಟ್ಟ ರೈಲನ್ನು ನಿಧಾನಕ್ಕೆ ಸಾಗಿಸಿದರೆ ಆಯಿತು.

ಈ ಹೊತ್ತಿನಲ್ಲಿ ಸುತ್ತಲೂ ಪ್ಲಾಸ್ಟಿಕ್ಕಿನಂಥ ಘಾಟು ಏಳುತ್ತದೆ. ಅದು ಸ್ಟೈರೀನ್. ಪೈಪಿನ ತುದಿಯಿಂದ ಏಳುವ ಬಿಳಿ ಮೋಡವನ್ನು ಬರೀ ಉಗಿ ಅನ್ನುವುದು ವಾಡಿಕೆಯಾಗಿತ್ತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಹಿಡಿದು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಅದರಲ್ಲಿ ಸ್ಟೈರೀನ್ ಮಾತ್ರವಲ್ಲ, ಬೇರೆ ರಾಸಾಯನಿಕಗಳೂ ಅರೆಬೆಂದ ರಾಳದ ಕಣಗಳೂ ಇದ್ದವು. ರಸ್ತೆ ಅಗೆಯಲಿಲ್ಲ ಅಂದ ಮಾತ್ರಕ್ಕೆ ಯಾರಿಗೂ ತೊಂದರೆಯಿಲ್ಲ ಅಂತ ಅರ್ಥ ಅಲ್ಲ. ಹತ್ತಿರದ ಮನೆಗಳಲ್ಲಿ ಬಳಸದೆ ಒಣಗಿದ ಬಚ್ಚಲ ಕಿಂಡಿಗಳಿಗೆ ಒಂದಿಷ್ಟು ನೀರು ಹೊಯ್ಯುವುದು ಒಳ್ಳೆಯದು. ಕೆಳಗಿನ ಬಾಗಿದ ಕೊಳವೆಯಲ್ಲಿ ನೀರು ನಿಂತಿದ್ದರೆ ಆ ಘಾಟು ಮೇಲೆ ಬರುವುದಿಲ್ಲ.

ಪೈಪು ಕಿರಿದಾಯಿತಲ್ಲ ಅಂತ ಕೇಳಬಹುದು. 300 ಮಿಲಿಮೀಟರ್ ಪೈಪಿಗೆ 6 ಮಿಲಿಮೀಟರ್ ದಪ್ಪದ ಲೈನರ್ ಹಾಕಿದರೆ ಹರಿಯುವ ಜಾಗ ಸುಮಾರು ಶೇ. 8 ಕಡಿಮೆಯಾಗುತ್ತದೆ. ಆದರೆ ಒಳಗೆ ಒರಟಿಲ್ಲ, ಸಂದಿಲ್ಲ, ಬೇರಿಲ್ಲ. ಆ ನುಣುಪಿನಿಂದ ಸಾಮಾನ್ಯವಾಗಿ ನೀರು ಮೊದಲಿನಷ್ಟೇ, ಕೆಲವೊಮ್ಮೆ ಜಾಸ್ತಿಯೇ ಹರಿಯುತ್ತದೆ. ನಿಜವಾದ ಮಿತಿ ಬೇರೆ. ಅಚ್ಚು ಹೇಗಿದೆಯೋ ಎರಕವೂ ಹಾಗೇ. ನಡುವೆ ಜಗ್ಗಿ ಹೊಂಡವಾದ ಪೈಪಿಗೆ ಲೈನರ್ ಹಾಕಿದರೆ ಜಗ್ಗಿದ ಹೊಸ ಪೈಪು ಸಿಗುತ್ತದೆ. ಪೂರ್ತಿ ಕುಸಿದಿದ್ದರೆ ಅಗೆಯಲೇಬೇಕು.

ಲೈನರ್ ತಣ್ಣಗಾದ ಮೇಲೂ ಒಂದು ಎಡವಟ್ಟು ಉಳಿದಿರುತ್ತದೆ. ಮನೆಗಳಿಂದ ಬಂದು ಸೇರುವ ಬಾಯಿಗಳೆಲ್ಲ ಮುಚ್ಚಿಹೋಗಿವೆ! ಬೆಳಿಗ್ಗೆಯಿಂದ ನೀರು ಬಳಸಬೇಡಿ ಎಂದು ಆ ಮನೆಯವರಿಗೆ ಹೇಳಿರುತ್ತಾರೆ. ಎಲ್ಲರೂ ಕೇಳಿರುವುದಿಲ್ಲ. ವ್ಯಾನಿನಲ್ಲಿ ಕೂತವನು ಪರದೆ ನೋಡುತ್ತಾ, ಗಾಲಿಯ ಮೇಲೆ ಹೋಗುವ ಪುಟ್ಟ ರೋಬೋಟನ್ನು ಪೈಪಿನೊಳಗೆ ನಡೆಸುತ್ತಾನೆ. ಬಾಯಿ ಇದ್ದಲ್ಲಿ ಲೈನರ್ ಕೆನ್ನೆಯ ಗುಳಿಯಂತೆ ಸ್ವಲ್ಪ ಹೊರಕ್ಕೆ ಉಬ್ಬಿಕೊಂಡಿರುತ್ತದೆ. ಗುಳಿ ಕಾಣದಿದ್ದರೆ ಮೊದಲ ದಿನ ಬರೆದಿಟ್ಟ ಅಳತೆಯೇ ಗತಿ. ತಪ್ಪು ಜಾಗದಲ್ಲಿ ಕೊರೆದರೆ ಹೊಸ ಪೈಪಿಗೆ ಮೊದಲ ದಿನವೇ ತೂತು. ಅವನು ಗುಳಿಯ ನಡುವೆ ಕಟರ್ ಇಟ್ಟು ನಿಧಾನಕ್ಕೆ ತಿರುಗಿಸುತ್ತಾನೆ. ಪುಡಿ ಹಾರುತ್ತದೆ, ಕ್ಯಾಮೆರಾ ಮಂಜಾಗುತ್ತದೆ, ಆಮೇಲೆ ಆ ತೂತಿನಿಂದ ಯಾರದೋ ಮನೆಯ ಸೋಪಿನ ನೀರು ಒಮ್ಮೆಲೇ ಧುಮುಕುತ್ತದೆ.