ಠಸ್ಸೆ ನೋಡಿ ಗುರುತಿಸುವ ಹಂಗೇರಿ ಸ್ಟ್ಯಾಂಪುಗಳು

ಹಂಗೇರಿ ತನ್ನದೇ ಸ್ಟ್ಯಾಂಪು ಹೊರತಂದದ್ದು 1871ರಲ್ಲಿ. ಆದರೆ ಅಲ್ಲಿನ ಜನ ಕಾಗದಗಳಿಗೆ ಸ್ಟ್ಯಾಂಪು ಹಚ್ಚಲು ಶುರುಮಾಡಿ ಆಗಲೇ 21 ವರ್ಷ ಆಗಿತ್ತು. ಆ 21 ವರ್ಷದ ಕಥೆ ಗೊತ್ತಿಲ್ಲದೆ ಈ ಸಂಗ್ರಹಕ್ಕೆ ಕೈ ಹಾಕಿದರೆ ಅರ್ಧ ಇತಿಹಾಸವೇ ಕೈತಪ್ಪುತ್ತದೆ.

ಆಗ ಹಂಗೇರಿ ಇದ್ದದ್ದು ಆಸ್ಟ್ರಿಯಾದ ಆಳ್ವಿಕೆಯಲ್ಲಿ. ಅದರ ವಿರುದ್ಧ ಎದ್ದ 1848ರ ಕ್ರಾಂತಿಯ ಹೊತ್ತಿಗೇ ಚಿತ್ರಕಾರ ಮೋರ್ ತಾನ್ ಹಂಗೇರಿಗೊಂದು ಸ್ಟ್ಯಾಂಪಿನ ನಮೂನೆ ಬರೆದಿದ್ದ. ಕ್ರಾಂತಿ ಸೋತಿತು, ಸ್ಟ್ಯಾಂಪು ಬಳಕೆಗೆ ಬರಲೇ ಇಲ್ಲ. 1850ರ ಜೂನ್ 1ರಂದು ಬಂದದ್ದು ಆಸ್ಟ್ರಿಯಾದ ಸ್ಟ್ಯಾಂಪು. ಆಸ್ಟ್ರಿಯಾದ ವಿಯೆನ್ನಾದಲ್ಲೂ ಹಂಗೇರಿಯ ಪೆಸ್ಟ್‌ನಲ್ಲೂ (ಈಗಿನ ಬುಡಾಪೆಸ್ಟ್‌ನ ಭಾಗ) ಅದೇ ಚೀಟಿ.

ಆಸ್ಟ್ರಿಯಾ–ಹಂಗೇರಿ ನಡುವಿನ 1867ರ ಒಪ್ಪಂದದ ನಂತರ ಹಂಗೇರಿಯ ಅಂಚೆ ಬೇರೆಯಾಯಿತು. ಸ್ಟ್ಯಾಂಪು ಮಾತ್ರ ಎರಡೂ ಕಡೆಗೆ ಒಂದೇ: ಚಕ್ರವರ್ತಿ ಫ್ರಾನ್ಸ್ ಜೋಸೆಫ್‌ನ ಮುಖ, ಬೆಲೆ, ಅಷ್ಟೇ. ದೇಶದ ಹೆಸರೇ ಇಲ್ಲ. ಹಾಗಾದರೆ ಹಂಗೇರಿಯದ್ದು ಅಂತ ಹೇಳುವುದು ಹೇಗೆ? ಅದರ ಮೇಲೆ ಬಿದ್ದ ಅಂಚೆ ಠಸ್ಸೆಯಿಂದ. ಹಂಗೇರಿಯ ಊರಿನ ಹೆಸರು ಓದಲು ಬಂದರೆ ಅದು ಹಂಗೇರಿಯದ್ದು. ಬಳಸದೇ ಉಳಿದ ಚೀಟಿಗೆ ಆ ಸಾಕ್ಷಿ ಇಲ್ಲ. ಅದಕ್ಕೇ ಹಳೇ ಲಕೋಟೆ ಸಿಕ್ಕಾಗ ಸ್ಟ್ಯಾಂಪನ್ನು ನೀರಲ್ಲಿ ನೆನೆಸಿ ಬಿಡಿಸುವುದು ದೊಡ್ಡ ಅನ್ಯಾಯ. ಠಸ್ಸೆಯ ಅರ್ಧ ಭಾಗ ಲಕೋಟೆಯ ಮೇಲೇ ಇರುತ್ತದೆ, ಅಲ್ವಾ? ರಾಜನ ಗಡ್ಡಮೀಸೆಯನ್ನೂ ನೋಡಬೇಕು. ಹಂಗೇರಿಯಲ್ಲಿ ಓಡಿದ್ದು ಒರಟು ಗೆರೆಗಳ ಮುದ್ರಣ ಮಾತ್ರ. ನಯವಾದ ಗೆರೆಗಳದ್ದು 1874ರಿಂದ ಈಚಿನದು. ಅಷ್ಟರಲ್ಲಿ ಹಂಗೇರಿ ತನ್ನ ದಾರಿ ಹಿಡಿದಿತ್ತು.

1871ರ ಸ್ಟ್ಯಾಂಪಿನಲ್ಲೂ ದೇಶದ ಹೆಸರಿಲ್ಲ, ಆದರೆ ಹಂಗೇರಿಯ ಲಾಂಛನ ಇದೆ. ಬೆಲೆ 2, 3, 5, 10, 15, 25 ಕ್ರಾಯ್ತ್ಸಾರ್ (ಆಗಿನ ಚಿಲ್ಲರೆ ನಾಣ್ಯ). ಮೊದಲು ಕಲ್ಲಚ್ಚಿನಲ್ಲಿ (ಲಿಥೋಗ್ರಫಿ), ಅದೇ ವರ್ಷ ಲೋಹದ ಫಲಕದಲ್ಲಿ ಕೆತ್ತಿ ಅಚ್ಚು ಹಾಕಿದರು. ಭೂತಗನ್ನಡಿ ಹಿಡಿದರೆ ವ್ಯತ್ಯಾಸ ಕಾಣುತ್ತದೆ. ಕಲ್ಲಚ್ಚಿನಲ್ಲಿ ಮುಖ ಮಸುಕು, ಶಾಯಿ ಚಪ್ಪಟೆ. ಕೆತ್ತನೆಯದ್ದರಲ್ಲಿ ಒಂದೊಂದು ಗೆರೆಯೂ ಚೂಪು. ಕಲ್ಲಚ್ಚಿನ ಹಸಿರು 3 ಕ್ರಾಯ್ತ್ಸಾರ್ ಸಿಗುವುದು ಬಹಳ ಅಪರೂಪ, ಹಾಗಾಗಿ ಬೆಲೆಯೂ ಜಾಸ್ತಿ.

ಇದೇ ಚಿತ್ರಗಳನ್ನು ಮುಂದೆ ಮರುಮುದ್ರಣ ಮಾಡಿದ್ದೂ ಉಂಟು. ಹಿಂಬದಿಯನ್ನು ಬೆಳಕಿಗೆ ಹಿಡಿಯಿರಿ. ಅಂಡಾಕಾರದೊಳಗೆ 'ಕೆಆರ್' ಅಕ್ಷರಗಳ ನೀರಚ್ಚು (ವಾಟರ್‌ಮಾರ್ಕ್) ಕಂಡರೆ ಅದು ಮೂಲದ್ದಲ್ಲ. 1871ರ ಕಾಗದದಲ್ಲಿ ಆ ನೀರಚ್ಚು ಇರಲಿಲ್ಲ. ಅಂಚಿನ ಹಲ್ಲನ್ನೂ ಅಳೆಯಬಹುದು: 2 ಸೆಂಟಿಮೀಟರಿಗೆ ಮೂಲದಲ್ಲಿ 9½ ಹಲ್ಲು, ಮರುಮುದ್ರಣದಲ್ಲಿ 11½.

'ಮಗ್ಯಾರ್ (ಅಂದರೆ ಹಂಗೇರಿಯ) ರಾಜ ಅಂಚೆ' ಅಂತ ಹಂಗೇರಿಯನ್ ಭಾಷೆಯಲ್ಲಿ ಬರೆದ ಸ್ಟ್ಯಾಂಪು ಬಂದದ್ದು 1874ರಲ್ಲಿ. ಲಕೋಟೆಯ ಚಿತ್ರವಿರುವ ಆ ಚೀಟಿಯನ್ನು ಗುರುತಿಸಲು ಠಸ್ಸೆ ಹುಡುಕುವ ಕೆಲಸವಿಲ್ಲ.