ಮಳೆಯ ಊರಿನಲ್ಲಿ ಬಾಯಾರುವ ಮರಗಳು

ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಮೀರಿ ಮಳೆ ಬೀಳುತ್ತದೆ. ಉಡುಪಿಗೆ ಇನ್ನೂ ಹೆಚ್ಚು. ಆದರೂ ಮಾರ್ಚ್ ಬಂತೆಂದರೆ ಈ ಎರಡೂ ಊರುಗಳ ಪಾರ್ಕುಗಳಲ್ಲಿ, ರಸ್ತೆಬದಿಯಲ್ಲಿ, ಚಿಗುರಬೇಕಾದ ಹೊತ್ತಿಗೂ ಚಿಗುರದೆ ನಿಂತ ತುದಿಕೊಂಬೆಗಳು ಕಾಣಸಿಗುತ್ತವೆ. ಒಣಗುವುದು ತುದಿಯಿಂದ ಶುರುವಾಗಿ ವರ್ಷವರ್ಷಕ್ಕೆ ಕೆಳಗಿಳಿಯುತ್ತದೆ. ಸೆಕೆ ಹೆಚ್ಚಾಯಿತು ಎನ್ನುತ್ತಾರೆ, ಗೆದ್ದಲು ಹತ್ತಿತು ಎನ್ನುತ್ತಾರೆ, ದೃಷ್ಟಿ ತಾಗಿತು ಎನ್ನುವವರೂ ಇದ್ದಾರೆ. ದೇವಸ್ಥಾನದ ಬಳಿಯ ಮರವಾದರೆ ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸುವ ಮಾತೂ ಬರುತ್ತದೆ. ಕಾರಣ ಅಷ್ಟು ದೂರದಲ್ಲಿಲ್ಲ. ಮರದ ಬುಡದ ಮಣ್ಣಿನಲ್ಲಿ ಗಾಳಿ ಇಲ್ಲ.

ಒಳ್ಳೆಯ ಮಣ್ಣಿನ ಅರ್ಧದಷ್ಟು ಭಾಗ ಖಾಲಿ ಜಾಗ. ಮಣ್ಣಿನ ಕಣದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.65 ಗ್ರಾಂ. ಆದರೆ ಕಾಡಿನ ಮೇಲ್ಮಣ್ಣನ್ನು ಅಲುಗಾಡಿಸದೆ ತೆಗೆದು ಒಣಗಿಸಿ ತೂಗಿದರೆ ಘನ ಸೆಂಟಿಮೀಟರಿಗೆ 1.3 ಗ್ರಾಂ ಅಥವಾ ಅದಕ್ಕೂ ಕಡಿಮೆ ಸಿಗುತ್ತದೆ. ಅಂದರೆ ಉಳಿದ ಶೇ. 51ರಷ್ಟು ರಂಧ್ರ. ಅದೇ ಮಣ್ಣು ತುಳಿತಕ್ಕೆ ಸಿಕ್ಕಿ 1.7ಕ್ಕೆ ಏರಿದರೆ ರಂಧ್ರ ಶೇ. 36ಕ್ಕೆ ಇಳಿಯುತ್ತದೆ. ಹದಿನೈದು ಕಡಿಮೆಯಾದರೇನು ಎಂದು ಕೇಳಬಹುದು. ಎಲೆಯಲ್ಲಿ ಬೇಯಿಸಿದ ಇಡ್ಲಿ, ಅಂದರೆ ಬಿಸಿ ಮೂಡೆಯೊಂದನ್ನು ಅಂಗೈಯಲ್ಲಿ ಬಿಗಿಯಾಗಿ ಹಿಂಡಿ ನೋಡಿ: ಅಕ್ಕಿ ಅಷ್ಟೇ ಇದೆ, ಉದ್ದು ಅಷ್ಟೇ ಇದೆ, ಸಾಂಬಾರು ಮಾತ್ರ ಒಳಗೆ ಇಳಿಯುವುದಿಲ್ಲ. ಮೊದಲು ಮುಚ್ಚಿಹೋಗುವುದು ದೊಡ್ಡ ರಂಧ್ರಗಳೇ, ನೀರು ಇಳಿಯುವುದೂ ಅವುಗಳಲ್ಲೇ. ಕೊಳವೆಯ ವ್ಯಾಸ ಅರ್ಧವಾದರೆ ಅದರಲ್ಲಿ ಹರಿಯುವ ನೀರು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ವ್ಯಾಸದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಹರಿವು ಬದಲಾಗುತ್ತದೆ. ಹೀಗಾಗಿ ಒಟ್ಟು ರಂಧ್ರ ಸ್ವಲ್ಪವೇ ಕುಗ್ಗಿದರೂ ನೀರು ಇಳಿಯುವ ದಾರಿ ಹೆಚ್ಚುಕಡಿಮೆ ಮುಚ್ಚುತ್ತದೆ.

ಗಾಳಿಯ ಕಥೆ ಇನ್ನೂ ಕಷ್ಟದ್ದು. ಬೇರು ಉಸಿರಾಡುತ್ತದೆ, ಅದಕ್ಕೆ ಆಮ್ಲಜನಕ ಬೇಕು. ಆಮ್ಲಜನಕ ನೀರಿನಲ್ಲಿ ಹರಡುವುದಕ್ಕಿಂತ ಗಾಳಿಯಲ್ಲಿ ಸುಮಾರು 10,000 ಪಟ್ಟು ಬೇಗ ಹರಡುತ್ತದೆ. ಸಣ್ಣ ರಂಧ್ರಗಳು ನೀರನ್ನು ಬಿಗಿಹಿಡಿದು ಬಿಡುವುದಿಲ್ಲ. ದೊಡ್ಡವು ಮುಚ್ಚಿದ ಮಣ್ಣಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇರಿಗೆ ಉಸಿರು ಕಟ್ಟುತ್ತದೆ, ಎಳೆಬೇರು ಕೊಳೆಯುತ್ತದೆ. ಅದೇ ನಾಲ್ಕು ತಿಂಗಳಲ್ಲಿ ಬಿದ್ದ ಮಳೆಯ ಬಹುಪಾಲು ಒಳಗಿಳಿಯದೆ ತೋಡು ಸೇರಿರುತ್ತದೆ. ಮಳೆಗಾಲದಲ್ಲಿ ಉಸಿರುಕಟ್ಟಿ ಬೇರು ಕಳೆದುಕೊಂಡ ಮರ, ಏಪ್ರಿಲಿನಲ್ಲಿ ತೇವವೂ ಇಲ್ಲದ ಮಣ್ಣಿನಲ್ಲಿ ನಿಲ್ಲುತ್ತದೆ. ಆಗ ಪೈಪು ಹಿಡಿದು ನೀರು ಬಿಟ್ಟರೂ ಅದು ಮೇಲೆಯೇ ಹರಿದು ಹೋಗುತ್ತದೆ. ಹೊಸ ಬೇರು ಬಿಡೋಣವೆಂದರೆ, ಚದರ ಸೆಂಟಿಮೀಟರಿಗೆ ಸುಮಾರು 20 ಕಿಲೋ ಒತ್ತಡಕ್ಕೂ ಬಗ್ಗದ ಮಣ್ಣಿನಲ್ಲಿ ಹೆಚ್ಚಿನ ಬೇರುಗಳ ಬೆಳವಣಿಗೆ ನಿಂತೇಹೋಗುತ್ತದೆ.

ಮನುಷ್ಯನ ಕಾಲು ಅಷ್ಟೆಲ್ಲ ಮಾಡೀತೇ? ನಡೆಯುವಾಗ 65 ಕಿಲೋ ತೂಕದವರ ಭಾರವೆಲ್ಲ ಒಂದು ಕ್ಷಣ ಹಿಮ್ಮಡಿಯ 30-35 ಚದರ ಸೆಂಟಿಮೀಟರಿನ ಮೇಲೆ ನಿಲ್ಲುತ್ತದೆ. ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ. ಕಾರಿನ ಟೈರಿನ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸ ಆಳದಲ್ಲಿದೆ. ಕಾಲು ಮೇಲಿನ 10-15 ಸೆಂಟಿಮೀಟರನ್ನು ಬಿಗಿಗೊಳಿಸಿದರೆ, ಲಾರಿ ಮತ್ತು ಜೆಸಿಬಿ ಅರ್ಧ ಮೀಟರಿನಾಚೆಗೂ ಬಿಗಿಗೊಳಿಸುತ್ತವೆ. ಈ ಹಾನಿಯ ದೊಡ್ಡ ಪಾಲು ಮೊದಲ ಕೆಲವು ಓಡಾಟದಲ್ಲೇ ಆಗಿಬಿಡುತ್ತದೆ. ‘ಒಂದೇ ದಿನದ ಕಾರ್ಯಕ್ರಮ’ ಎಂಬ ಸಮಾಧಾನಕ್ಕೆ ಅರ್ಥವಿಲ್ಲದಿರುವುದು ಇದರಿಂದಲೇ.

ಮಣ್ಣು ಯಾವಾಗ ಹೆಚ್ಚು ಬಿಗಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ತಂದವರು ಮರದವರಲ್ಲ, ಅಣೆಕಟ್ಟಿನವರು. 1928ರ ಮಾರ್ಚ್‌ನಲ್ಲಿ ಲಾಸ್ ಏಂಜಲಿಸ್ ನಗರಕ್ಕೆ ನೀರು ಕೊಡುತ್ತಿದ್ದ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು ಒಡೆದು ನಾನೂರಕ್ಕೂ ಹೆಚ್ಚು ಜನ ಸತ್ತರು. ಅದರ ಬದಲಿಗೆ ಬೊಕೆ ಕಣಿವೆಯಲ್ಲಿ ಮಣ್ಣಿನ ಏರಿ ಕಟ್ಟುವಾಗ ಇಂಜಿನಿಯರ್ ರಾಲ್ಫ್ ಪ್ರಾಕ್ಟರ್ ಮಣ್ಣನ್ನು ಅಚ್ಚಿನಲ್ಲಿ ಹಾಕಿ ಬಡಿದು ನೋಡುವ ಪರೀಕ್ಷೆ ರೂಪಿಸಿ 1933ರಲ್ಲಿ ಪ್ರಕಟಿಸಿದ. ಒಣಮಣ್ಣು ಅಷ್ಟಾಗಿ ಬಿಗಿಯುವುದಿಲ್ಲ. ನೀರು ಸೇರಿಸುತ್ತ ಹೋದಂತೆ ಹೆಚ್ಚುಹೆಚ್ಚು ಬಿಗಿಯುತ್ತದೆ. ಒಂದು ಹದ ದಾಟಿದ ಮೇಲೆ ಮತ್ತೆ ಕಡಿಮೆ. ಭಾರತೀಯ ಮಾನಕದಲ್ಲಿ ಇದೇ ಪರೀಕ್ಷೆಯನ್ನು 1,000 ಘನ ಸೆಂಟಿಮೀಟರಿನ ಅಚ್ಚು, 2.6 ಕಿಲೋ ಸುತ್ತಿಗೆ, 310 ಮಿಲಿಮೀಟರ್ ಎತ್ತರ, ಮೂರು ಪದರ, ಪದರಕ್ಕೆ 25 ಪೆಟ್ಟು ಎಂದು ನಿಗದಿ ಮಾಡಿದ್ದಾರೆ. ರಸ್ತೆ ಕಟ್ಟುವವರು ಹೀಗೆ ಸಿಗುವ ಗರಿಷ್ಠ ಸಾಂದ್ರತೆಯ ಶೇ. 95ನ್ನಾದರೂ ಮುಟ್ಟಬೇಕು. ಮರದ ಬೇರು ಸೋಲುವುದು ಸರಿಯಾಗಿ ಅಲ್ಲಿಯೇ. ಪಾರ್ಕಿನ ಕಾಲುದಾರಿಯನ್ನು ರಸ್ತೆಯ ಎಸ್ಟಿಮೇಟಿನ ಮಾದರಿಯಲ್ಲೇ ಬರೆದು ಕೆಲಸ ಕೊಟ್ಟರೆ ಗುತ್ತಿಗೆದಾರ ನಿಯಮದಂತೆ ನಡೆದೂ ಮರವನ್ನು ಕೊಲ್ಲುತ್ತಾನೆ. ತಪ್ಪು ಎಸ್ಟಿಮೇಟಿನದು.

ನಮ್ಮ ನೆಲದ ಗುಣವೂ ಇದಕ್ಕೆ ಸೇರುತ್ತದೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕನನ್ ಮಲಬಾರಿನ ಅಂಗಾಡಿಪುರದಲ್ಲಿ ಒಂದು ಕಲ್ಲನ್ನು ಗಮನಿಸಿದ: ನೆಲದೊಳಗೆ ಕೊಡಲಿಯಿಂದ ಕಡಿಯುವಷ್ಟು ಮೆದು, ಹೊರತೆಗೆದು ಗಾಳಿ-ಬಿಸಿಲಿಗಿಟ್ಟರೆ ಗಟ್ಟಿ. 1807ರಲ್ಲಿ ಅವನು ಅದನ್ನು ಲ್ಯಾಟರೈಟ್ ಎಂದು ಕರೆದ. ಕದ್ರಿಗುಡ್ಡೆಯಿಂದ ಮಣಿಪಾಲದವರೆಗೆ ನಾವು ಬಾವಿ ತೋಡುವ, ಮನೆ ಕಟ್ಟುವ ಮುರಕಲ್ಲು ಇದೇ. ಮುರದ ಮೇಲಿನ ಮಣ್ಣು ಹಲವೆಡೆ ಬರೇ ಒಂದೆರಡು ಅಡಿ. ಅದರಡಿಯಲ್ಲಿ ಸಿಗುವ ಬಿಳಿ-ಹಳದಿ ಶೇಡಿಮಣ್ಣು ಒಣಗಿದಾಗ ಗಟ್ಟಿ, ನೆನೆದರೆ ಕುಸಿಯುವಂಥದ್ದು. ಗುಡ್ಡೆ ಕಡಿದು ಸಮತಟ್ಟು ಮಾಡಿ ಪಾರ್ಕ್ ಕಟ್ಟಿದಲ್ಲಿ ಗಿಡ ನೆಟ್ಟದ್ದು ಎಷ್ಟೋ ಸಲ ಶೇಡಿಯಲ್ಲೇ ಆಗಿರುತ್ತದೆ. ಅಲ್ಲಿ ಎಷ್ಟು ಗೊಬ್ಬರ ಸುರಿದರೂ ಏಳದು.

ಇನ್ನು ಬೇರಿನ ಬಗ್ಗೆ. ಮೇಲೆ ಕೊಂಬೆ ಎಷ್ಟೋ ಕೆಳಗೆ ಬೇರೂ ಅಷ್ಟೇ ಆಳ ಎಂಬ ಚಿತ್ರವನ್ನು ಶಾಲೆಯಿಂದಲೇ ಕಲಿತಿದ್ದೇವೆ, ಅದು ಸರಿಯಲ್ಲ. ಬೆಳೆದ ಮರದ ಬೇರುಗಳಲ್ಲಿ ಹೆಚ್ಚಿನವು ಮೇಲಿನ 60 ಸೆಂಟಿಮೀಟರಿನೊಳಗೆ ಇರುತ್ತವೆ. ನೀರು ಹೀರುವ ಎಳೆಬೇರುಗಳು ಮೇಲಿನ 30ರಲ್ಲಿ. ಅವು ಅಡ್ಡಕ್ಕೆ ಕೊಂಬೆಯ ಹರಹನ್ನೂ ಮೀರಿ, ಜಾಗ ಸಿಕ್ಕರೆ ಅದರ ಎರಡು-ಮೂರು ಪಟ್ಟು ದೂರ ಹೋಗುತ್ತವೆ. ಇಂಟರ್‌ಲಾಕ್ ಹಾಕಲು 30 ಸೆಂಟಿಮೀಟರ್ ಅಗೆದು, ಜಲ್ಲಿ ತುಂಬಿ, ಯಂತ್ರದಿಂದ ಬಡಿದರೆ ಮರದ ಊಟದ ಬೇರುಗಳೆಲ್ಲ ಆ ಅಗೆತದಲ್ಲೇ ಹೋದಂತೆ. ಮರ ಮರುದಿನ ಬೀಳುವುದಿಲ್ಲ. ಕೂಡಿಟ್ಟ ಆಹಾರದಲ್ಲಿ ಎರಡು, ನಾಲ್ಕು ವರ್ಷ ನಿಂತು, ಯಾವುದೋ ಆಟಿ ತಿಂಗಳ (ಜುಲೈ-ಆಗಸ್ಟ್) ಗಾಳಿಗೆ ಬೇರು ಕಡಿದ ಬದಿಯ ಹಿಡಿತ ತಪ್ಪಿ ಉರುಳುತ್ತದೆ. ಅಷ್ಟರಲ್ಲಿ ಇಂಟರ್‌ಲಾಕ್ ಹಾಕಿದ್ದು ಯಾರಿಗೂ ನೆನಪಿರುವುದಿಲ್ಲ, ದೂರು ಗಾಳಿಯ ಮೇಲೆ. ಮರದ ಸುತ್ತ ಒಂದು ಮೀಟರಿನಷ್ಟು ಕಾಂಕ್ರೀಟು ತೆಗೆಯಿರಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಗೆ ಆದೇಶಿಸಿತ್ತು. ಒಂದು ಮೀಟರ್ ಕೂಡ ಬೇರಿನ ಲೆಕ್ಕದಲ್ಲಿ ತೀರಾ ಕಡಿಮೆ.

ಬುಡದ ಸುತ್ತ ಕಟ್ಟೆ ಕಟ್ಟಿ ಕೆಂಪುಮಣ್ಣು ತುಂಬಿಸುವುದು ಇನ್ನೊಂದು ಬಗೆಯ ಹಾನಿ. ಅಶ್ವತ್ಥಕಟ್ಟೆಯನ್ನು ತೋರಿಸಿ ‘ಅದಕ್ಕೇನಾಗಿದೆ’ ಎನ್ನುತ್ತಾರೆ. ಅಶ್ವತ್ಥ, ಗೋಳಿ ಜಾತಿಯ ಮರಗಳು ಕಾಂಡದಿಂದಲೇ ಹೊಸ ಬೇರು ಬಿಡಬಲ್ಲವು, ತಾಳಿಕೊಳ್ಳುತ್ತವೆ. ಮಾವು, ಹಲಸಿಗೆ ಅದೇ ಮಾಡಿದರೆ ಹೂತುಹೋದ ತೊಗಟೆ ತೇವದಲ್ಲಿ ಕೊಳೆಯುತ್ತದೆ. ಬುಡ ನೆಲ ಸೇರುವಲ್ಲಿ ಅಗಲವಾಗಿ ಹರಡಿದ್ದು ಕಣ್ಣಿಗೆ ಕಾಣಬೇಕು. ಕಂಬ ನೆಟ್ಟಂತೆ ನೇರ ಇಳಿದಿದ್ದರೆ ಮಣ್ಣು ಏರಿದೆ ಎಂದರ್ಥ. ಕೈಯಲ್ಲೇ ಕೆರೆದು ಮೂಲ ಮಟ್ಟಕ್ಕೆ ತರಬೇಕು.

ಗೆದ್ದಲಿಗೆ ಬೆದರಿ ಬುಡಕ್ಕೆಲ್ಲ ವಿಷ ಸುರಿಯುವುದನ್ನೂ ನಿಲ್ಲಿಸಬೇಕು. ಬೆಳೆದ ಮರದ ತೊಗಟೆಯ ಮೇಲಿನ ಮಣ್ಣಿನ ಹೊದಿಕೆಯಡಿ ಗೆದ್ದಲು ಬಹುತೇಕ ತಿನ್ನುವುದು ಸತ್ತ ಹೊರತೊಗಟೆಯನ್ನು. ನೆಲದಲ್ಲಿ ಅದು ಕೊರೆಯುವ ದಾರಿಗಳು ನೀರು-ಗಾಳಿ ಇಳಿಯಲು ನೆರವಾಗುತ್ತವೆ. ಎಳೆಗಿಡಕ್ಕೆ ಹತ್ತಿದರೆ ಮಾತ್ರ ಗಮನ ಬೇಕು.

ಆರೋಗ್ಯವಂತ ಮಣ್ಣು ಹೇಗಿರುತ್ತದೆ ಎಂದು ನೋಡಲು ತುಳುನಾಡಿನವರಿಗೆ ದೂರ ಹೋಗಬೇಕಿಲ್ಲ. ಕಾಂಕ್ರೀಟು ಮಾಡದೆ ಉಳಿದ ನಾಗಬನದ ಅಂಚಿನಲ್ಲಿ ನಿಂತು ನೋಡಿದರೆ ಸಾಕು. ತಲೆಮಾರುಗಳಿಂದ ಅಲ್ಲಿ ಯಾರೂ ಸುಮ್ಮನೆ ಕಾಲಿಟ್ಟಿಲ್ಲ, ತರಗೆಲೆ ಗುಡಿಸಿಲ್ಲ. ಬಿದ್ದ ಮಳೆ ಬಿದ್ದಲ್ಲೇ ಇಳಿಯುತ್ತದೆ. ನಂಬಿಕೆ ಏನೇ ಇರಲಿ, ಆ ನಿಷೇಧ ಮಣ್ಣನ್ನು ಕಾಪಾಡಿದೆ. ಅದೇ ನಂಬಿಕೆಯ ಹೆಸರಲ್ಲಿ ಈಗ ಬನದ ಮರ ಕಡಿದು, ಸುತ್ತ ಟೈಲ್ಸ್ ಹಾಸಿ ‘ಜೀರ್ಣೋದ್ಧಾರ’ ಮಾಡುವುದು ನೋಡಿದಾಗ ಸಂಕಟವಾಗುತ್ತದೆ.

ಪಾರ್ಕಿನ ನೆಲವನ್ನು ಪರೀಕ್ಷಿಸಲು 15 ಸೆಂಟಿಮೀಟರ್ ವ್ಯಾಸದ ಪಿವಿಸಿ ಪೈಪಿನ ತುಂಡೊಂದು ಸಾಕು. ಒಂದು ಬದಿಯ ಅಂಚು ಚೂಪು ಮಾಡಿ, ಮೇಲೆ ಹಲಗೆಯಿಟ್ಟು ಬಡಿದು 7-8 ಸೆಂಟಿಮೀಟರ್ ಇಳಿಸಿ. 440 ಮಿಲಿಲೀಟರ್ ನೀರು ಹಾಕಿದರೆ ಅದು 25 ಮಿಲಿಮೀಟರ್ ಮಳೆಗೆ ಸಮ. ಮೊದಲ ಸಲದ ಲೆಕ್ಕ ಬೇಡ, ಒಣಮಣ್ಣು ಹೀರಿಬಿಡುತ್ತದೆ. ಎರಡನೆಯ ಸಲದ್ದು ಗಡಿಯಾರ ನೋಡಿ ಬರೆಯಿರಿ. ಹತ್ತು ಹದಿನೈದು ನಿಮಿಷದಲ್ಲಿ ಇಳಿದರೆ ನೆಲ ಚೆನ್ನಾಗಿದೆ. ಒಂದು ಗಂಟೆ ದಾಟಿದರೆ ಕೆಟ್ಟಿದೆ. ಪೈಪಿನ ಅಂಚಿನಿಂದ ನೀರು ಹೊರಗೆ ಜಿನುಗಿದರೆ ಒಳಬದಿಯ ಮಣ್ಣು ಬಿರಿದಿದೆ, ಜಾಗ ಬದಲಿಸಿ. ಸಾಂದ್ರತೆಯೂ ಬೇಕಿದ್ದರೆ 7 ಸೆಂಟಿಮೀಟರ್ ಒಳವ್ಯಾಸ, 8 ಸೆಂಟಿಮೀಟರ್ ಎತ್ತರದ ಕೊಳವೆಯಲ್ಲಿ 308 ಘನ ಸೆಂಟಿಮೀಟರ್ ಮಣ್ಣು ಬರುತ್ತದೆ. ಅದನ್ನು 105 ಡಿಗ್ರಿಯಲ್ಲಿ ಒಂದು ದಿನ ಒಣಗಿಸಿ ತೂಗಿ. 430 ಗ್ರಾಂ ಬಂದರೆ ಸಾಂದ್ರತೆ 1.4, 525 ಬಂದರೆ 1.7. ನಮ್ಮಲ್ಲಿ ಮುರದ ಹರಳುಗಳು ಲೆಕ್ಕ ಕೆಡಿಸುತ್ತವೆ. 2 ಮಿಲಿಮೀಟರ್ ಜರಡಿಯಲ್ಲಿ ಅವನ್ನು ಬೇರ್ಪಡಿಸಿ, ಅವುಗಳ ತೂಕವನ್ನೂ ನೀರಲ್ಲಿ ಮುಳುಗಿಸಿ ಅಳೆದ ಗಾತ್ರವನ್ನೂ ಕಳೆಯಬೇಕು.

ಚಿಕಿತ್ಸೆಯಲ್ಲಿ ಮೊದಲನೆಯದು ಮತ್ತು ಅಗ್ಗದ್ದು ಹಿಡಿಸೂಡಿಯನ್ನು ಮರದ ಬುಡದಿಂದ ದೂರವಿಡುವುದು. ಉದುರಿದ ಎಲೆ ಕಸವಲ್ಲ. ಪಾರ್ಕಿನ ತರಗೆಲೆ ಮತ್ತು ಸವರಿದ ಕೊಂಬೆಯ ಚೂರುಗಳನ್ನು 8-10 ಸೆಂಟಿಮೀಟರ್ ದಪ್ಪ ಹರಡಿ, ಕಾಂಡದಿಂದ ಒಂದು ಗೇಣು ಬಿಟ್ಟು. ಅದಕ್ಕಿಂತ ದಪ್ಪ ಹಾಕಿದರೆ ಮಳೆಗಾಲದಲ್ಲಿ ಅದೇ ಮುದ್ದೆಯಾಗಿ ಗಾಳಿ ತಡೆಯುತ್ತದೆ. ಸೊಳ್ಳೆಯ ಭಯ ಹೇಳುತ್ತಾರೆ; ನೀರು ಸೋರುವ ಎಲೆಹಾಸಿನಲ್ಲಿ ಸೊಳ್ಳೆ ಮೊಟ್ಟೆಯಿಡುವುದಿಲ್ಲ, ಅದರ ಮೇಲೆ ಎಸೆದ ಬೊಂಡದ ಓಡು, ಗೆರಟೆ, ಪ್ಲಾಸ್ಟಿಕ್ ಲೋಟದಲ್ಲಿ ಇಡುತ್ತದೆ. ಗುಡಿಸುವವರ ಕೆಲಸ ಅವನ್ನು ಹೆಕ್ಕುವುದಾಗಲಿ. ಹಾವಿನ ಅಂಜಿಕೆ ನಿಜವಾದದ್ದು, ಆದ್ದರಿಂದ ಮಕ್ಕಳ ಆಟದ ಜಾಗಕ್ಕೆ ತಾಗಿ ಎಲೆಹಾಸು ಬೇಡ. ಎಲೆಹಾಸಿನ ಸುತ್ತ ಮೊಣಕಾಲೆತ್ತರದ ಹಗ್ಗ ಅಥವಾ ಸರಳು ಕಟ್ಟಿ. ಜನ ಅಡ್ಡದಾರಿ ತುಳಿದಲ್ಲಿ ಬೇಲಿ ಹಾಕಿ ಸೋಲುವುದಕ್ಕಿಂತ ಅದನ್ನೇ ಕಾಲುದಾರಿ ಮಾಡಿ, ಉಳಿದ ನೆಲ ಉಳಿಸಿಕೊಳ್ಳುವುದು ಮೇಲು.

ಈಗಾಗಲೇ ಬಿಗಿದ ನೆಲಕ್ಕೆ, ಬುಡದಿಂದ ಕನಿಷ್ಠ ಒಂದೂವರೆ ಮೀಟರ್ ಆಚೆಗೆ, ಚಕ್ರದ ಕಡ್ಡಿಗಳಂತೆ ಹೊರಮುಖವಾಗಿ ಕಣಿಗಳನ್ನು ತೋಡಬೇಕು: 20-30 ಸೆಂಟಿಮೀಟರ್ ಅಗಲ, 30 ಆಳ. ಪಿಕ್ಕಾಸು ಬೇಡ, ಮುಳ್ಳುಗುದ್ದಲಿ ಸಾಕು. ಹೆಬ್ಬೆರಳಿಗಿಂತ ದಪ್ಪದ ಬೇರು ಸಿಕ್ಕರೆ ಕಡಿಯದೆ ಅದರಡಿಯಿಂದ ಮಣ್ಣು ತೆಗೆಯಿರಿ. ಅದೇ ಮಣ್ಣಿಗೆ ನಾಲ್ಕರಲ್ಲೊಂದು ಪಾಲು ಕಳಿತ ಗೊಬ್ಬರ ಬೆರೆಸಿ ಸಡಿಲವಾಗಿ ತುಂಬಿ. ಬರೇ ಮರಳು ತುಂಬಿದರೆ ಕಣಿ ನೀರು ನಿಲ್ಲುವ ಹೊಂಡವಾಗುತ್ತದೆ. ಸುತ್ತಲಿನ ಮಣ್ಣು ಅದನ್ನು ಹೊರಬಿಡುವುದಿಲ್ಲ. ಎಲ್ಲ ಕಣಿಗಳನ್ನೂ ಒಂದೇ ವರ್ಷ ತೋಡಬೇಡಿ. ಈ ವರ್ಷ ಅರ್ಧ, ಮುಂದಿನ ವರ್ಷ ಅರ್ಧ. ಕೆಲಸಕ್ಕೆ ಕಾಲ ಡಿಸೆಂಬರ್‌ನಿಂದ ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ. ಮಳೆ ಹಿಡಿದ ಮೇಲೆ ಹಸಿಮಣ್ಣು ಕೆದಕಿದರೆ, ಗದ್ದೆಯಲ್ಲಿ ನೀರು ನಿಲ್ಲಲೆಂದು ಉತ್ತು ಕೆಸರು ಮಾಡಿದಂತೆಯೇ ಆಗುತ್ತದೆ.

ಹೊಸ ಗಿಡ ನೆಡುವಲ್ಲಿ ಲೆಕ್ಕ ಮೊದಲೇ ಮಾಡಬೇಕು. ಮರದ ನೆರಳಿನ ಪ್ರತಿ ಚದರ ಮೀಟರಿಗೆ 0.3ರಿಂದ 0.6 ಘನ ಮೀಟರ್ ಸಡಿಲ ಮಣ್ಣು ಬೇಕು ಎಂಬುದು ನಗರ ಅರಣ್ಯದವರು ಬಳಸುವ ಅಳತೆ. ಎಂಟು ಮೀಟರ್ ಹರಡುವ ಮರಕ್ಕೆ ಸುಮಾರು 50 ಚದರ ಮೀಟರ್ ನೆರಳು, ಅಂದರೆ 15ರಿಂದ 30 ಘನ ಮೀಟರ್ ಮಣ್ಣು. ಇಂಟರ್‌ಲಾಕಿನ ನಡುವೆ ನಾವು ಬಿಡುವ ಒಂದು ಮೀಟರಿನ ಚೌಕ ಗುಂಡಿಯಲ್ಲಿರುವುದು ಒಂದೇ ಒಂದು. ಅಲ್ಲಿ ಮಳೆಮರ ನೆಟ್ಟು ದೊಡ್ಡದಾಗಲಿ ಎಂದು ಹಾರೈಸುವುದು ವ್ಯರ್ಥ. ನಡೆಯುವ ದಾರಿಯೂ ಬೇಕು, ಮರವೂ ಬೇಕೆಂದಾದರೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡ ಕಲ್ಲು-ಮಣ್ಣಿನ ಮಿಶ್ರಣವಿದೆ: 20-40 ಮಿಲಿಮೀಟರಿನ ಮೂಲೆಯುಳ್ಳ ಜಲ್ಲಿ ತೂಕದಲ್ಲಿ ನೂರು ಪಾಲು, ಜೇಡಿ ಬೆರೆತ ಮಣ್ಣು ಸುಮಾರು ಇಪ್ಪತ್ತು ಪಾಲು. ಭಾರವನ್ನು ಕಲ್ಲಿಗೆ ಕಲ್ಲು ತಾಗಿ ಹೊರುತ್ತದೆ, ಸಂದಿಯ ಮಣ್ಣು ಸಡಿಲವಾಗಿಯೇ ಉಳಿಯುತ್ತದೆ. ಇಲ್ಲಿ ಮಾಡುವುದಾದರೆ ಕಪ್ಪುಕಲ್ಲಿನ ಜಲ್ಲಿಯೇ ಬೇಕು. ಮುರಕಲ್ಲಿನ ಚೂರು ರೋಲರಿನಡಿ ಪುಡಿಯಾಗಿ ಸಂದಿ ಮುಚ್ಚುತ್ತದೆ. ಶೇಡಿಯೂ ಬೇಡ, ಮೊದಲ ಮಳೆಗೇ ತೊಳೆದುಹೋಗುತ್ತದೆ. ಮಣ್ಣು ಹೆಚ್ಚಾದರೆ ಕಲ್ಲುಗಳು ಒಂದಕ್ಕೊಂದು ತಾಗದೆ ದಾರಿ ಕುಸಿಯುತ್ತದೆ.

ಎಲ್ಲ ನೆಲವೂ ಸಡಿಲವಿರಬೇಕೆಂದಿಲ್ಲ. ನೆಹರೂ ಮೈದಾನದ ಕ್ರಿಕೆಟ್ ಪಿಚ್ಚಿಗೆ ಬಿಗಿಯೇ ಬೇಕು. ಉಯ್ಯಾಲೆ, ಜಾರುಬಂಡೆಯಡಿ ಮಾತ್ರ 30 ಸೆಂಟಿಮೀಟರ್ ಸಡಿಲ ಮರಳಿದ್ದು, ವಾರಕ್ಕೊಮ್ಮೆ ಕೆದಕಬೇಕು. ತುಳಿದು ಬಿಗಿದ ಮರಳಿನ ಮೇಲೆ ಬಿದ್ದ ಮಗುವಿಗೆ ಅದು ಸಿಮೆಂಟಿಗಿಂತ ಬಹಳ ಮೆತ್ತಗೇನಲ್ಲ.

ಕದ್ರಿ ಪಾರ್ಕಿನಂಥ ಕಡೆ ಕಾರ್ಯಕ್ರಮಕ್ಕೆ ಅನುಮತಿ ಕೊಡುವಾಗ ತಾರೀಕಿಗಿಂತ ಮಣ್ಣಿನ ತೇವ ನೋಡುವುದು ಒಳ್ಳೆಯದು. ಜನವರಿಯ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ನೆಲ ಒಣಗಿರುತ್ತದೆ, ಹಾನಿ ಕಡಿಮೆ. ಮೊಸರುಕುಡಿಕೆ, ಚೌತಿ, ನವರಾತ್ರಿಯ ದಿನಗಳಲ್ಲಿ ನೆಲ ಹೆಚ್ಚಾಗಿ ಪ್ರಾಕ್ಟರ್ ಹೇಳಿದ ಆ ಹದದ ಆಸುಪಾಸಿನಲ್ಲೇ ಇರುತ್ತದೆ. ಪರೀಕ್ಷೆಗೆ ಒಂದು ಚಮಚ ಮಣ್ಣು ಸಾಕು. 10 ಸೆಂಟಿಮೀಟರ್ ಆಳದಿಂದ ತೆಗೆದು ಹರಳು ಆರಿಸಿ, ಅಂಗೈಯಿಂದ ಗಾಜಿನ ಮೇಲೆ ಬತ್ತಿಯಂತೆ ಹೊಸೆಯಿರಿ. 3 ಮಿಲಿಮೀಟರ್ ದಪ್ಪಕ್ಕೆ ಬರುವ ಮೊದಲೇ ಪುಡಿಯಾದರೆ ವಾಹನ ಒಳಬರಬಹುದು. ಅದಕ್ಕಿಂತ ತೆಳ್ಳಗೆ ಹೊಸೆದರೂ ತುಂಡಾಗದಿದ್ದರೆ ಪೆಂಡಾಲಿನ ಲಾರಿ ಗೇಟಿನ ಹೊರಗೇ ನಿಲ್ಲಲಿ, ಕಂಬ-ಹಲಗೆಗಳನ್ನು ಹೊತ್ತು ತರಲಿ. ಅನಿವಾರ್ಯವಾಗಿ ಒಳಬರಲೇಬೇಕಾದರೆ ಒಂದೇ ದಾರಿ ಗುರುತಿಸಿ, 20 ಸೆಂಟಿಮೀಟರ್ ಮರದ ಚೂರು ಹಾಸಿ ಅದರ ಮೇಲೆ ದಪ್ಪ ಹಲಗೆಯಿಟ್ಟು ಬಿಡಬೇಕು. ಕಾರ್ಯಕ್ರಮ ಮುಗಿದ ಮೇಲೆ ಹಲಗೆ ತೆಗೆದು, ಚೂರುಗಳನ್ನು ಹತ್ತಿರದ ಮರಗಳ ಬುಡಕ್ಕೆ ಹರಡಿ, ಅದೇ ದಾರಿಯಲ್ಲಿ ಮತ್ತೆ ಪೈಪು ಇಳಿಸಿ ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆಂದು ನೋಡಿ, ಠೇವಣಿ ಹಿಂದಿರುಗಿಸುವ ಕಡತದಲ್ಲಿ ಬರೆದಿಡಬೇಕು.